ಗುಂಡು, ಚೀಲ, ಪೈಪು: ನಡುವಿನ ಭಾರ ನಾವ ಮಾಡ್ಕೊಳ್ಳೂದು ಹ್ಯಾಂಗ

(ಜಮಖಂಡಿಯೊಳಗ ತಾಲೀಮಿನ ಹುಡುಗರ ಮುಂದ ಆಡಿದ ಮಾತು ಇದು. ಮುಗದ ಮ್ಯಾಲ ಭಾಳ ಮಂದಿ ಲೆಕ್ಕಾ ಎಲ್ಲಾ ಬರದು ಕೊಡ್ರಿ ಅಂದ್ರು, ಅದಕ್ಕ ಟೈಪ್ ಮಾಡೀನಿ. ಮಾತಾಡಿದ ಹಂಗೇ ಇಟ್ಟೀನಿ, ಅಳತಿ ಮಾತ್ರ ಇನ್ನಷ್ಟು ಬಿಡಿಸಿ ಬರದೀನಿ.)

ಎಲ್ಲಾರಿಗೂ ನಮಸ್ಕಾರ ರೀ.

ಹೇಳಬೇಕಾದದ್ದು ಮೊದಲ ಹೇಳಿಬಿಡ್ತೀನಿ. ನಮ್ಮ ಕಡೆ ಹುಡುಗರಿಗೆ ಶಕ್ತಿ ಕಡಿಮಿ ಇಲ್ಲ, ಎತ್ತಾಕ ಭಾರಾನೂ ಕಡಿಮಿ ಇಲ್ಲ, ಕಡಿಮಿ ಇರೂದು ನಡುವಿನ ಭಾರ, ಅಂದ್ರ ಹಗುರಕ್ಕೂ ಭಾಳ ಭಾರಕ್ಕೂ ನಡುವ ಬರೂ ತೂಕ. ಯಾವ ಊರಿಗೆ ಹೋದ್ರೂ ಹನಮಪ್ಪನ ಗುಡಿ ಮುಂದರ ಅಗಸಿ ಹತ್ರರ ಒಂದು ಗುಂಡು ಬಿದ್ದಿರತೈತಿ, ಅಜ್ಜಾರು ನಮ್ಮಪ್ಪ ಇದನ್ನ ಹೆಗಲ ಮ್ಯಾಲ ಹೊತ್ತು ಹಿಂದ ಒಗೀತಿದ್ದ ಅಂತ ಹೇಳ್ತಾರ, ತೂಕ ಎಷ್ಟ್ರಿ ಅಂದ್ರ ಒಬ್ಬಾಂವ ಕ್ವಿಂಟಲ್ ಅಂತಾನ ಮತ್ತೊಬ್ಬಾಂವ ಒಂದೂವರಿ ಅಂತಾನ, ಕಾಟಾಕ್ಕ ಹಾಕಿ ನೋಡಿದಾವ್ರು ಸಿಗೂದಿಲ್ಲ. ಹದಿನೆಂಟು ವರ್ಷದ ಹುಡುಗ ಬಂದು ಅದನ್ನ ಅಪ್ಪಿಕೋತಾನ, ಅದು ಜುಮ್ ಅನ್ನೂದಿಲ್ಲ, ಮರುದಿನ ಮತ್ತ ಬರ್ತಾನ, ನಡಾ ಹಿಡಕೋತೈತಿ, ತನಗ ಶಕ್ತಿ ಇಲ್ಲ ಅಂತ ತಿಳದು ಬಿಟ್ಟ ಬಿಡ್ತಾನ. ಮಾಳಗಿಗೆ ನಿಚ್ಚಣಿಕಿ ಹಚ್ಚದ ಮ್ಯಾಲ ಹತ್ತು ಅಂದಂಗ ಆತು. ಆ ಹುಡುಗಗ ಬೇಕಾಗಿದ್ದು 40 ಕೆಜಿ ಗುಂಡು, ಆಮ್ಯಾಲ 50, ಆಮ್ಯಾಲ 60. ಅದು ಊರಾಗ ಇಲ್ಲ, ಅಂಗಡಿಯೊಳಗೂ ಸಿಗೂದಿಲ್ಲ. ಮಾಡ್ಕೋಬೇಕು.

ನಮ್ಮಲ್ಲಿ ಈ ಆಟ ಹೊಸಾದೇನಲ್ಲ, ವಿಜಯಪುರದ ಸಿದ್ಧೇಶ್ವರ ಜಾತ್ರಿಯೊಳಗ ಸಂಕ್ರಾಂತಿ ಹೊತ್ತಿಗೆ ಭಾರ ಎತ್ತೂ ಸ್ಪರ್ಧಾ ಇಡ್ತಾರ, ಗುಂಡು ಎತ್ತೂದು, ಸಂಗ್ರಾಣಿ ಕಲ್ಲು ಎತ್ತೂದು, ಚೀಲ ಎತ್ತೂದು, ಮಂದಿ ಕಿಕ್ಕಿರದು ನಿಂತು ನೋಡ್ತಾರ, ಬಾಗಲಕೋಟಿ ಬೆಳಗಾವಿ ಕಡೆ ಸಣ್ಣ ಸಣ್ಣ ಜಾತ್ರಿಯೊಳಗೂ ಇದು ನಡೀತೈತಿ. ಎಪಿಎಂಸಿಯೊಳಗ ಹಮಾಲರು ಇಡೀ ದಿನ ಚೀಲ ಹೊರ್ತಾರ, ಅವರ ಮುಂದ ಜಿಮ್ಮಿನ ಹುಡುಗರು ನಿಲ್ಲೂದು ಕಷ್ಟ. ಆದ್ರ ಸ್ಪರ್ಧಾದೊಳಗ ಎತ್ತೂದು ಬ್ಯಾರೆ, ಸ್ಪರ್ಧಾಕ್ಕ ತಯಾರಾಗೂದು ಬ್ಯಾರೆ. ಜಿಮ್ಮಿನೊಳಗ ಬಾರ್ಬೆಲ್ಲಿಗೆ ಎರಡೂವರಿ ಕೆಜಿ ಏರಿಸಬಹುದು, ಕಲ್ಲಿಗೆ ಎರಡೂವರಿ ಕೆಜಿ ಹ್ಯಾಂಗ ಏರಿಸ್ತೀರಿ? ಇವತ್ತು ನಾ ಹೇಳೂದು ಅದನ್ನ.

ಹೊರದೇಶದಾಗೂ ಇದ ಕತಿ ಐತಿ. ಐಸ್‌ಲ್ಯಾಂಡಿನೊಳಗ ದ್ರಿತ್ವಿಕ್ ಅಂತ ಹಳೇ ಮೀನುಗಾರರ ಜಾಗಾ ಐತಿ, ಅಲ್ಲಿ ನಾಲ್ಕು ಕಲ್ಲು ಅದಾವ, 23 ಕೆಜಿ, 54, 100, 154. ಒಂದೊಂದಕ್ಕೂ ಹೆಸರಿಟ್ಟಾರ. 54ರ ಕಲ್ಲು ಎತ್ತಿ ಇಡಾಕ ಆಗಲಾರದಾಂವಗ ದೋಣಿ ಮ್ಯಾಲ ಕೆಲಸಾ ಕೊಡ್ತಿರಲಿಲ್ಲಂತ. ನೋಡ್ರಿ, ಅವರು ನಾಲ್ಕು ಇಟ್ಟಿದ್ರು, ನಾವು ಒಂದ ಇಟ್ಟೀವಿ. ಅಲ್ಲೇ ಹುಸಾಫೆಲ್ ಅಂತ ಇನ್ನೊಂದು ಕಡೆ 186 ಕೆಜಿ ಕಲ್ಲು ಐತಿ, ಕುರಿ ದೊಡ್ಡಿ ಸುತ್ತ ಅದನ್ನ ಎದಿಗೆ ಅಪ್ಪಿಕೊಂಡು ಅಡ್ಡಾಡ್ತಾರ. ಸ್ಕಾಟ್ಲೆಂಡಿನೊಳಗ ಡಿನ್ನಿ ಕಲ್ಲು ಅಂತ ಕಬ್ಬಿಣದ ಬಳಿ ಹಾಕಿದ ಜೋಡಿ ಕಲ್ಲು ಅದಾವ, ಎರಡೂ ಸೇರಿ ಸುಮಾರು 332 ಕೆಜಿ, 1860ರೊಳಗ ಡೊನಾಲ್ಡ್ ಡಿನ್ನಿ ಅನ್ನಾಂವ ಅವೆರಡನ್ನೂ ಹಿಡಕೊಂಡು ಪೋಟಾರ್ಕ್ ಸೇತುವಿ ದಾಟಿದ್ದ ಅಂತ ಹೆಸರಾಗ್ಯಾನ. 1977ರೊಳಗ ಚಾಲೂ ಆದ ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್ ಸ್ಪರ್ಧಾ ಈ ಎಲ್ಲಾ ಹಳ್ಳಿ ಆಟಗಳನ್ನ ಒಂದು ಕಡೆ ತಂತು. ನೀವು ಮೊಬೈಲಿನೊಳಗ ನೋಡೂ ಅಟ್ಲಾಸ್ ಸ್ಟೋನ್ ಅಂದ್ರ ಗುಡ್ಡದ ಕಲ್ಲಲ್ಲ, ಅಚ್ಚಿನೊಳಗ ಹೊಯ್ದ ಕಾಂಕ್ರೀಟ್ ಗುಂಡು. 2020ರೊಳಗ ಟಾಮ್ ಸ್ಟೋಲ್ಟ್‌ಮನ್ 286 ಕೆಜಿ ಗುಂಡು ಎತ್ತಿದ, ಅದೂ ಕಾಂಕ್ರೀಟಿಂದ. ಅಂದ್ರ ನಮ್ಮ ಗವಂಡಿ ಮಾಡಬಲ್ಲ ವಸ್ತು ಅದು. ಸಿಮೆಂಟ್ ಫ್ಯಾಕ್ಟರಿ ನಮ್ಮ ಬಾಗಲಕೋಟಿ ಜಿಲ್ಲಾದೊಳಗ ಅದಾವ, ಖಡಿ ಉಸುಕಿಗೆ ಊರು ಬಿಟ್ಟು ಹೋಗಬೇಕಿಲ್ಲ.

ಈಗ ಗುಂಡಿನ ಲೆಕ್ಕಾ. ಇದನ್ನ ಸರಿಯಾಗಿ ತಿಳಕೊಂಡ್ರ ಅರ್ಧಾ ಕೆಲಸಾ ಮುಗೀತು.

ಕಾಂಕ್ರೀಟ್ ಒಂದು ಲೀಟರಿಗೆ ಸುಮಾರು 2.4 ಕೆಜಿ. ಗುಂಡಿನ ಅಡ್ಡಳತಿ, ಅಂದ್ರ ವ್ಯಾಸ, ಸೆಂಟಿಮೀಟರಿನೊಳಗ ತಗೊಂಡು ಅದನ್ನ ಅದರಿಂದ ಎರಡು ಸಲ ಗುಣಸ್ರಿ, ಬಂದದ್ದಕ್ಕ 1.26ರಿಂದ ಗುಣಿಸಿ ಸಾವಿರದಿಂದ ಭಾಗಸ್ರಿ, ಅದ ಕೆಜಿ. 30 ಸೆಂಟಿಮೀಟರಿನ ಗುಂಡು 34 ಕೆಜಿ ಬರತೈತಿ, 35ರದು 54, 40ರದು 80, 45ರದು ಸುಮಾರು 115, 50ರದು 157. ಇಲ್ಲೊಂದು ನೋಡ್ರಿ, ವ್ಯಾಸ ಐದೈದ ಸೆಂಟಿಮೀಟರ್ ಏರೇತಿ, ತೂಕ ಮಾತ್ರ ಮೊದಲ 20 ಏರತು, ಆಮ್ಯಾಲ 26, ಆಮ್ಯಾಲ 35, ಆಮ್ಯಾಲ 42. ಕಣ್ಣಿಗೆ ಸ್ವಲ್ಪ ದೊಡ್ಡದು ಕಾಣೂ ಗುಂಡು ನಡಾಕ್ಕ ಭಾಳ ದೊಡ್ಡದಾಗಿರತೈತಿ. ಹೊಲದಾಗ ಸಿಕ್ಕ ಕಲ್ಲು ಅಂದಾಜಿನ ಮ್ಯಾಲ ಎತ್ತಾಕ ಹೋಗಿ ಹುಡುಗರು ನಡಾ ಮುರಕೊಳ್ಳೂದಕ್ಕ ಇದ ಕಾರಣ.

ಅಚ್ಚು ಹ್ಯಾಂಗ ಮಾಡೂದು ಅಂದ್ರ, ಮಕ್ಕಳು ಆಡೂ ದೊಡ್ಡ ರಬ್ಬರ್ ಚೆಂಡು, ಇಲ್ಲಾ ವ್ಯಾಯಾಮದ ಚೆಂಡು ಸಣ್ಣದು ತಗೋರಿ, ಗಾಳಿ ಹಾಕಿ ಟೇಪಿನಿಂದ ಸುತ್ತಳತಿ ನೋಡ್ರಿ, 40 ಸೆಂಟಿಮೀಟರ್ ವ್ಯಾಸ ಬೇಕಂದ್ರ ಸುತ್ತಳತಿ 125.7 ಬರಬೇಕು, ಹೆಚ್ಚು ಕಡಿಮಿ ಇದ್ರ ಗಾಳಿ ಬಿಟ್ಟರ ತುಂಬಿಯರ ಸರಿ ಮಾಡ್ಕೋರಿ. ಚೆಂಡಿನ ಮ್ಯಾಲ ವ್ಯಾಸಲೀನ್ ಇಲ್ಲಾ ಎಣ್ಣಿ ಸವರಿ, ಅರ್ಧಾ ಚೆಂಡು ಉಸುಕಿನೊಳಗ ಹುಗದು, ಮ್ಯಾಲಿನ ಅರ್ಧಾಕ್ಕ ಪ್ಲಾಸ್ಟರ್ ಆಫ್ ಪ್ಯಾರಿಸ್ ಜೋಡಿ ಸುತಳಿ ನಾರು ಇಲ್ಲಾ ಬ್ಯಾಂಡೇಜ್ ಬಟ್ಟಿ ತೋಯಿಸಿ ಪದರ ಪದರ ಹಚ್ಚಿ, ಅಂಚಿಗೆ ಎರಡು ಬಟ್ಟು ಅಗಲದ ದಂಡಿ ಬಿಡ್ರಿ. ಒಣಗಿದ ಮ್ಯಾಲ ತಿರುವಿ ಹಾಕಿ ದಂಡಿಗೂ ಎಣ್ಣಿ ಸವರಿ ಇನ್ನರ್ಧಾ ಮಾಡ್ರಿ, ನೆತ್ತಿ ಮ್ಯಾಲ ಕಾಂಕ್ರೀಟ್ ಸುರಿಯಾಕ ಕೈ ಹೋಗುವಷ್ಟು ತೂತು ಬಿಡ್ರಿ. ಗಣಪತಿ ಮೂರ್ತಿ ಮಾಡೂ ಮನಿಯಾವರಿಗೆ ಈ ಅಚ್ಚಿನ ಕೆಲಸಾ ಚೊಲೋ ಗೊತ್ತಿರತೈತಿ, ಅವರ ಹತ್ರ ಕೂತು ಕಲೀರಿ, ಹಬ್ಬದ ಸೀಜನ್ ಬಿಟ್ಟು ಹೋದ್ರ ಅವರಿಗೂ ಪುರಸೊತ್ತು ಇರತೈತಿ. ದುಡ್ಡು ಇದ್ದಾವ್ರು ಫೈಬರ್ ಅಚ್ಚು ಮಾಡಿಸಿದ್ರ ಅದು ವರ್ಷಾನುಗಟ್ಟಲೆ ಬರತೈತಿ, ಪ್ಲಾಸ್ಟರ್ ಅಚ್ಚು ಕೆಲವು ಗುಂಡಿಗೆ ಸಾಕಾಗತೈತಿ.

ಸುರಿಯೂ ಮುಂಚೆ ಅಚ್ಚಿನ ಎರಡೂ ಹೋಳು ಹಗ್ಗದಿಂದ ಬಿಗದು ಕಟ್ಟಿ, ನೆಲದಾಗ ತೆಗ್ಗು ತಗದು ಅದರೊಳಗ ಕುಂದ್ರಿಸಿ ಸುತ್ತ ಉಸುಕು ಗಿಡದು ತುಂಬ್ರಿ. ಹಸಿ ಕಾಂಕ್ರೀಟ್ ಹೊರಗ ಒತ್ತತೈತಿ, 40 ಸೆಂಟಿಮೀಟರ್ ಎತ್ತರಾದಾಗ ತಳದೊಳಗ ಒಂದು ಚದರ ಮೀಟರಿಗೆ 960 ಕೆಜಿಯಷ್ಟು ಒತ್ತಡ ಬೀಳತೈತಿ, ಬರೇ ಹಗ್ಗದ ಮ್ಯಾಲ ನಂಬಿಕಿ ಇಟ್ಟರ ಅಚ್ಚು ಬಾಯಿ ಬಿಟ್ಟು ಗುಂಡು ಬದನಿಕಾಯಿ ಆಗತೈತಿ.

ಮಾಲು: 40 ಸೆಂಟಿಮೀಟರ್ ಗುಂಡಿಗೆ ಮೂವತ್ಮೂರೂವರಿ ಲೀಟರ್ ಕಾಂಕ್ರೀಟ್ ಬೇಕು. ಸಿಮೆಂಟ್ ಒಂದಕ್ಕ ಒಂದೂವರಿ ಉಸುಕು, ಮೂರು ಖಡಿ, ಗವಂಡಿಗೆ ಎಂ20 ಅಂದ್ರ ಗೊತ್ತಾಗತೈತಿ. ಸಿಮೆಂಟ್ ಹದಿಮೂರೂವರಿ ಕೆಜಿ, ಉಸುಕು 14 ಲೀಟರ್, ಖಡಿ 28 ಲೀಟರ್, ನೀರು ಆರರಿಂದ ಆರೂವರಿ ಲೀಟರ್. 50 ಕೆಜಿ ಸಿಮೆಂಟ್ ಚೀಲದೊಳಗ ಮೂರು ಗುಂಡು ಆಗಿ ಸ್ವಲ್ಪ ಉಳೀತೈತಿ. ಖಡಿ 10-12 ಮಿಲಿಮೀಟರಿನ ಸಣ್ಣದು ತಗೋರಿ, ದಪ್ಪ ಖಡಿ ಹಾಕಿದ್ರ ಮೈ ಮ್ಯಾಲ ತೂತು ಬೀಳತಾವ, ಆ ತೂತಿನ ಅಂಚು ಮುಂಗೈ ಚರ್ಮಾ ಕೀಳತೈತಿ. ನೀರು ಹೆಚ್ಚಿಗಿ ಸುರೀಬ್ಯಾಡ್ರಿ, ಕಲಸಾಕ ಹಗುರ ಆಗತೈತಿ ಅಂತ ಗವಂಡಿ ಸುರೀತಾನ, ಅದ ಗುಂಡು ಮುಂದ ಕೆಳಗ ಬಿದ್ದಾಗ ಸೀಳತೈತಿ. ಒಂದ ಸಲಕ್ಕ ಪೂರಾ ಸುರೀಬೇಕು, ಅರ್ಧಾ ಇವತ್ತು ಅರ್ಧಾ ನಾಳೆ ಅಂದ್ರ ನಡುವ ಜೋಡಣಿ ಉಳದು ಅಲ್ಲೇ ಹೋಳಾಗತೈತಿ. ಸಣ್ಣ ಸರಳಿನಿಂದ ಚುಚ್ಚಿ ಚುಚ್ಚಿ ಗಾಳಿ ತಗೀರಿ. ಕೈಗವಸು ಹಾಕ್ಕೋರಿ, ಹಸಿ ಸಿಮೆಂಟ್ ಸುಣ್ಣದಂಗ ಚರ್ಮಾ ಸುಡತೈತಿ, ಮೊದಲ ಗೊತ್ತಾಗೂದಿಲ್ಲ, ಸಂಜೀಕ ಗೊತ್ತಾಗತೈತಿ.

ಎರಡು ದಿನ ಬಿಟ್ಟು ಅಚ್ಚು ಬಿಚ್ಚಿ, ಹಸಿ ಗೋಣಿ ತಟ್ಟು ಸುತ್ತಿ ನೆರಳಾಗ ಇಡ್ರಿ, 28 ದಿನ ದಿನಾ ನೀರು ಹೊಡೀರಿ. ಒಂದು ವಾರಕ್ಕ ಮೂರರೊಳಗ ಎರಡು ಪಾಲು ಗಟ್ಟಿ ಆಗಿರತೈತಿ, ಅಷ್ಟಕ್ಕ ಹುಡುಗರಿಗೆ ತಡಕೊಳ್ಳಾಕ ಆಗೂದಿಲ್ಲ, ಎತ್ತಿ ಒಗದ ಬಿಡ್ತಾರ. ತಡೀರಿ. ನಮ್ಮ ಏಪ್ರಿಲ್ ಬಿಸಲಾಗ ಅಂತೂ ನೀರು ಹೊಡಿಯೂದು ಒಂದು ದಿನ ತಪ್ಪಿದ್ರೂ ಮ್ಯಾಲಿನ ಪದರು ಬಿರುಕು ಬಿಡತೈತಿ, ಅದಕ್ಕ ಗುಂಡು ಹೊಯ್ಯಾಕ ಮಳೆಗಾಲ ಮುಗದ ಮ್ಯಾಲ ಚಳಿಗಾಲ ಚೊಲೋ.

ಈಗ ಮುಖ್ಯ ಮಾತಿಗೆ ಬರ್ತೀನಿ, ನಡುವಿನ ಭಾರ. ಒಂದ ಅಚ್ಚು ಐತಿ, 40 ಸೆಂಟಿಮೀಟರಿನದು, ಅದರಿಂದ 80 ಕೆಜಿ ಗುಂಡು ಮಾಡಿದ್ರಿ. 70 ಕೆಜಿದು ಬೇಕು, ಹೊಸಾ ಅಚ್ಚು ಮಾಡೂದ ಬ್ಯಾಡ, ಅದರ ಹೊಟ್ಟಿಯೊಳಗ 20 ಸೆಂಟಿಮೀಟರ್ ವ್ಯಾಸದ ಥರ್ಮಾಕೋಲ್ ಚೆಂಡು ಇಡ್ರಿ. ಅದರ ಗಾತ್ರ 4.2 ಲೀಟರ್, ಅಷ್ಟು ಕಾಂಕ್ರೀಟ್ ಕಡಿಮಿ ಆತು, ಅಂದ್ರ 10 ಕೆಜಿ ಕಡಿಮಿ, 70 ಬಂತು. 25 ಸೆಂಟಿಮೀಟರಿನ ಚೆಂಡು ಇಟ್ಟರ 8.2 ಲೀಟರ್ ಹೋತು, ಗುಂಡು 61ರ ಹತ್ರ ಬರತೈತಿ. ಹೊರಗಿನ ಆಕಾರ ಅದ, ಅಪ್ಪಿಕೊಳ್ಳೂ ರೀತಿ ಅದ, ತೂಕ ಅಷ್ಟ ಬ್ಯಾರೆ. ಇದರಕಿಂತ ದೊಡ್ಡ ಚೆಂಡು ಇಡಬ್ಯಾಡ್ರಿ, ಗೋಡಿ ತೆಳ್ಳಗಾಗಿ ಒಗದಾಗ ಒಡೀತೈತಿ. ಮತ್ತ ಹೆಚ್ಚಿಗಿ ತೂಕ ಬೇಕಂದ್ರ ಖಡಿ ಸ್ವಲ್ಪ ಕಡಿಮಿ ಮಾಡಿ ಕಬ್ಬಿಣದ ಪಂಚಿಂಗ್ ಚೂರು, ಅಂದ್ರ ತಗಡಿಗೆ ತೂತು ಹೊಡದಾಗ ಉದುರೂ ತುಂಡು, ಹಾಕ್ರಿ, ಬೆಳಗಾವಿ ಉದ್ಯಮಬಾಗದಾಗ ಫೌಂಡ್ರಿ ಫ್ಯಾಬ್ರಿಕೇಶನ್ ಎಷ್ಟು ಅದಾವ ನಿಮಗ ಗೊತ್ತೈತಿ, ಅಂಥಾ ಚೂರು ಗುಜರಿ ರೇಟಿಗೆ ಸಿಗತಾವ. ಒಂದು ಲೀಟರ್ ಕಾಂಕ್ರೀಟಿನ ಜಾಗಾದಾಗ ಒಂದು ಲೀಟರ್ ಕಬ್ಬಿಣ ಕುಂತ್ರ ಐದೂವರಿ ಕೆಜಿ ಏರತೈತಿ, ಮೂರು ಲೀಟರ್ ಹಾಕಿದ್ರ 80ರದು 96 ಆತು. ನೋಡ್ರಿ, ಒಂದ ಅಚ್ಚಿನೊಳಗ 61, 70, 80, 96, ನಾಲ್ಕು ಗುಂಡು, ಯಾವದರ ನಡುವೂ ಭಾಳ ದೊಡ್ಡ ಜಿಗತ ಇಲ್ಲ. 35ರ ಅಚ್ಚು ಇನ್ನೊಂದು ಮಾಡಿದ್ರ ಕೆಳಗಿನ 45, 54 ಸಿಗತಾವ. ಇಷ್ಟಾದ್ರ ಒಂದು ಊರಿನ ತಾಲೀಮಿಗೆ ವರ್ಷಗಟ್ಟಲೆ ಸಾಕು.

ಒಂದ ಎಚ್ಚರಿಕಿ, ಥರ್ಮಾಕೋಲ್ ಚೆಂಡು ಹಸಿ ಕಾಂಕ್ರೀಟಿನೊಳಗ ತೇಲತೈತಿ, 20 ಸೆಂಟಿಮೀಟರಿನ ಚೆಂಡನ್ನ 10 ಕೆಜಿ ಬಲ ಮ್ಯಾಲ ದೂಡತಿರತೈತಿ, ಸುಮ್ಮ ಒಳಗ ಒಗದ್ರ ನೆತ್ತಿಗೆ ಬಂದು ಕುಂದ್ರತೈತಿ, ಗುಂಡು ಒಂದು ಕಡೆ ಹಗುರ ಒಂದು ಕಡೆ ಭಾರ ಆಗಿ ಎದಿ ಮ್ಯಾಲ ಹೊರಳತೈತಿ. ಅದಕ್ಕ ಬೈಂಡಿಂಗ್ ತಂತಿಯಿಂದ ಪಂಜರದಂಗ ಸುತ್ತಿ, ತಂತಿ ಅಚ್ಚಿನ ತಳಕ್ಕ ಸಣ್ಣ ತೂತು ಹೊಡದು ಹೊರಗ ತಗದು ಬಿಗದು ಕಟ್ರಿ, ಅಡ್ಡಕ್ಕೂ ಎರಡು ಕಡೆ ಕಟ್ರಿ. ಆಮ್ಯಾಲ ಹೊರಗ ಉಳದ ತಂತಿ ಕತ್ತರಿಸಿ ಉಜ್ಜಿ ಬಿಡ್ರಿ.

ಚೀಲದ ವಿಷಯ ಗುಂಡಿಗಿಂತ ಹಗುರ, ಮತ್ತ ಹೊಸಬರು ಚೀಲದಿಂದನ ಚಾಲೂ ಮಾಡಬೇಕು ಅನ್ನೂದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರ ಚೀಲ ಕಾಲ ಮ್ಯಾಲ ಬಿದ್ರ ನೋವಾಗತೈತಿ, ಗುಂಡು ಬಿದ್ರ ಪಾದ ಹೋಗತೈತಿ. ಜ್ವಾಳದ ಚೀಲ 100 ಕೆಜಿ ಅಂದ್ರ ಸುಮಾರು 130 ಲೀಟರ್ ಗಾತ್ರ, ಅದ ಚೀಲಕ್ಕ ಒಣಾ ಉಸುಕು ತುಂಬಿದ್ರ 200 ಕೆಜಿ ದಾಟತೈತಿ, ಉಸುಕು ಲೀಟರಿಗೆ 1.6 ಕೆಜಿ ಬರತೈತಿ. ಹಂಗಾಗಿ ಜ್ವಾಳದ ಚೀಲದೊಳಗ ಉಸುಕು ತುಂಬೂದ ಬ್ಯಾಡ. ಗೊಬ್ಬರದ ಚೀಲ, ಸಿಮೆಂಟ್ ಚೀಲ ಒಳಗಿನದಕ್ಕ ನಡೀತಾವ, ಹೊರಗಿನದಕ್ಕ ನಡಿಯೂದಿಲ್ಲ, ಆ ಪ್ಲಾಸ್ಟಿಕ್ ನೂಲು ಬಿಸಲಿಗೆ ಜೀರ್ಣ ಆಗಿ ಒಂದು ದಿನ ಎದಿ ಮಟ್ಟದಾಗ ಹರೀತೈತಿ. ಹಳೇ ಲಾರಿ ತಾಡಪತ್ರಿ ತಗೊಂಡು, ಚಪ್ಪಲಿ ಹೊಲಿಯಾವರ ಹತ್ರ ದಪ್ಪ ನೂಲಿಂದ ಎರಡು ಸಾಲು ಹೊಲಿಗಿ ಹಾಕಿಸ್ರಿ, ಬಾಯಿ ಮಡಚಿ ಸೈಕಲ್ ಟ್ಯೂಬಿನಿಂದ ಬಿಗೀರಿ. ಒಳಗ ಹತ್ತತ್ತು ಕೆಜಿ ಉಸುಕಿನ ಸಣ್ಣ ಗಂಟು ಮಾಡಿ ಇಡ್ರಿ, ಒಂದು ಐದು ಕೆಜಿದು ಎರಡು ಎರಡೂವರಿದು ಇರಲಿ, ಹಂಗ ಮಾಡಿದ್ರ ಒಂದ ಚೀಲ 30ರಿಂದ 80ರ ತನಕ ಎಲ್ಲಾ ತೂಕಕ್ಕೂ ಬರತೈತಿ, ಜಿಮ್ಮಿನ ಪ್ಲೇಟ್ ಏರಿಸಿದಂಗ ಏರಿಸಬಹುದು. ಉಸುಕು ಪೂರಾ ಒಣಗಿಸಿ ಹಾಕ್ರಿ. ನೂರಕ್ಕ ಐದು ಪಾಲು ಹಸಿ ಇದ್ರ 50 ಕೆಜಿಯೊಳಗ ಎರಡೂವರಿ ಕೆಜಿ ನೀರ ಇರತೈತಿ, ಅದು ಇವತ್ತು ಇದ್ದು ನಾಳೆ ಆರತೈತಿ, ನೀವು ಶಕ್ತಿ ಏರೇತಿ ಅಂತ ತಿಳಕೋತೀರಿ. ಮತ್ತ ಚೀಲ ಬಿಗಿ ತುಂಬಬ್ಯಾಡ್ರಿ, ಮುಕ್ಕಾಲು ತುಂಬಿದ್ದು ಕೈಯೊಳಗ ಜಾರತೈತಿ ತಿರುಚತೈತಿ, ಎತ್ತಾಕ ತ್ರಾಸ ಕೊಡತೈತಿ, ಕುಸ್ತಿಗೆ ಬೇಕಾದ ಹಿಡಿತ ಅದರಿಂದನ ಬರತೈತಿ.

ಕಬ್ಬಿಣ. ಅಪೊಲೊನ್ ಅಂತ ಒಬ್ಬ ಫ್ರೆಂಚ್ ಪೈಲ್ವಾನ ಇದ್ದ, ರೈಲ್ವೆ ಗಾಲಿ ಹಾಕಿದ ಅವನ ಬಾರ್ 166 ಕೆಜಿ, ದಪ್ಪ 49 ಮಿಲಿಮೀಟರ್, ಬೆರಳು ಸುತ್ತ ಬರಲಾರದಷ್ಟು. ಈಗ ಸ್ಪರ್ಧಾದೊಳಗ ಆ್ಯಕ್ಸಲ್ ಅಂತ ಇಡೂದು ಅದರ ನಕಲ. ನಮ್ಮ ಹಾರ್ಡ್‌ವೇರ್ ಅಂಗಡಿಯೊಳಗ ಒಂದೂವರಿ ಇಂಚಿನ ಪೈಪ್ ಕೊಡ್ರಿ ಅನ್ರಿ, ಅದರ ಹೊರಗಿನ ದಪ್ಪ 48.3 ಮಿಲಿಮೀಟರ್, ಹೆಚ್ಚು ಕಡಿಮಿ ಅದ ಆತು. ಹೆವಿ ಕ್ಲಾಸ್ ತಗೋರಿ, ಎರಡು ಮೀಟರ್ ಪೈಪು ಒಂಬತ್ತು ಕೆಜಿಯಷ್ಟ ಬರತೈತಿ, ಆದ್ರ ಪೈಪಿಗೆ ಭಾಳ ಭಾರ ಹಾಕಿದ್ರ ಬಗ್ಗತೈತಿ, ನೂರು ದಾಟಿ ಎತ್ತಾವ್ರು ಗುಜರಿಯೊಳಗ 50 ಮಿಲಿಮೀಟರಿನ ಗಟ್ಟಿ ಶಾಫ್ಟ್ ಹುಡಕ್ರಿ, ಸಕ್ಕರಿ ಕಾರ್ಖಾನಿ ಇದ್ದ ಊರಾಗ ಅಂಥಾವು ಬರ್ತಿರತಾವ. ತೂಕ ನೋಡಾಕ ಬಾರ್ ಬೆಂಡಿಂಗ್ ಮಾಡಾವರ ಲೆಕ್ಕಾನ ಸಾಕು, ದಪ್ಪವನ್ನ ದಪ್ಪದಿಂದ ಗುಣಿಸಿ 162ರಿಂದ ಭಾಗಸ್ರಿ, ಒಂದು ಮೀಟರಿನ ತೂಕ ಬರತೈತಿ. 50ಕ್ಕ ಹದಿನೈದೂವರಿ ಕೆಜಿ, ಎರಡು ಮೀಟರಿಗೆ 31. ಬಾರ್ ಅಷ್ಟ 31 ಕೆಜಿ ಅನ್ನೂದು ನೆನಪಿರಲಿ, ಜಿಮ್ಮಿನ ಬಾರ್ 20 ಕೆಜಿ ಇರತೈತಿ, ಅದ ಲೆಕ್ಕದಾಗ ಪ್ಲೇಟ್ ಹಾಕಬ್ಯಾಡ್ರಿ. ಪ್ಲೇಟ್ ಕಾಂಕ್ರೀಟಿಂದ ಮಾಡಬಹುದು, ಆದ್ರ ಬೀಡು ಕಬ್ಬಿಣ ಕಾಂಕ್ರೀಟಿಗಿಂತ ಮೂರು ಪಟ್ಟು ಭಾರ, ಹಂಗಾಗಿ ಅಷ್ಟ ತೂಕದ ಕಾಂಕ್ರೀಟ್ ಪ್ಲೇಟ್ ಮೂರು ಪಟ್ಟು ದಪ್ಪ ಆಗತೈತಿ, ಬಾರಿನ ಮ್ಯಾಲ ಜಾಗಾನ ಸಾಲೂದಿಲ್ಲ.

ಲಾಗ್, ಅಂದ್ರ ದಿಮ್ಮಿ. 2021ರೊಳಗ ಬುರ್ಕಿನಾ ಫಾಸೋದ ಐರನ್ ಬಿಬಿ 229 ಕೆಜಿ ದಿಮ್ಮಿ ತಲಿ ಮ್ಯಾಲ ಎತ್ತಿದ. ನಮಗ 40ರಿಂದ ಚಾಲೂ ಮಾಡೂ ದಿಮ್ಮಿ ಬೇಕು. ಜಾಲಿ ಕಟಿಗಿ ಚೊಲೋ, ಬಂಡಿ ಗಾಲಿ ಕುಂಟಿ ಮಾಡಾಕ ಅದನ್ನ ಬಳಸ್ತಿದ್ರಲ್ಲ, ಗಟ್ಟಿ, ಸೀಳೂದು ಕಡಿಮಿ. 25 ಸೆಂಟಿಮೀಟರ್ ದಪ್ಪ, ಒಂದೂವರಿ ಮೀಟರ್ ಉದ್ದದ ಒಣಗಿದ ಜಾಲಿ ದಿಮ್ಮಿ ಸುಮಾರು 60 ಕೆಜಿ ಬರತೈತಿ, ಹಸಿದು ಇನ್ನೂ ಭಾರ ಇದ್ದು ತಿಂಗಳು ತಿಂಗಳು ಇಳೀತೈತಿ. ಬಿದ್ದ ಗಿಡದ್ದು ತಗೋರಿ, ನಿಂತ ಗಿಡಾ ಇದಕ್ಕಾಗಿ ಕಡೀಬ್ಯಾಡ್ರಿ. ಬಡಿಗ್ಯಾರ ಹತ್ರ ಎರಡು ಕೈ ಹೋಗೂ ತೂತು ಕೊರಸ್ರಿ, ನಡುವ ಎರಡು ಅಡಿ ಅಂತರ, ಒಳಗ ಅಂಗೈಗೆ ಎದಿರಾ ಬದಿರಾ ಬರೂ ಹಂಗ ಹಿಡಿಕಿ ಕುಂದ್ರಸ್ರಿ. ಕಬ್ಬಿಣದ್ದು ಮಾಡಸ್ತೀನಿ ಅನ್ನಾವರಿಗೆ, 10 ಇಂಚಿನ ಪೈಪು, ಗೋಡಿ 6.35 ಮಿಲಿಮೀಟರ್ ಇದ್ದದ್ದು, ಮೀಟರಿಗೆ ಸುಮಾರು 42 ಕೆಜಿ. ಅಂದ್ರ ಬರೇ ಪೈಪ ನಾಲ್ಕು ಅಡಿಗೆ 50 ದಾಟತೈತಿ, ಹೊಸಬರಿಗೆ ಇದು ಭಾರ ಆತು, 8 ಇಂಚಿನದು ತಗೊಂಡ್ರ ಮೀಟರಿಗೆ 33.

ವೆಲ್ಡಿಂಗ್ ಬಗ್ಗೆ ಎರಡು ಮಾತು ಜೋರಾಗಿ ಹೇಳ್ತೀನಿ. ಹಳೇ ಬೋರವೆಲ್ ಕೇಸಿಂಗ್ ಪೈಪು ನಮ್ಮಲ್ಲಿ ಹೊಲಾ ಹೊಲಕ್ಕ ಬಿದ್ದಾವ, ಭಾಳ ಉಪಯೋಗ ಬರತಾವ, ಆದ್ರ ಅವು ಜಿಐ ಇದ್ರ ಅದರ ಮ್ಯಾಲಿನ ಸತುವಿನ ಪದರು ಗ್ರೈಂಡರಿನಿಂದ ಪೂರಾ ತಗದ ವೆಲ್ಡ್ ಮಾಡ್ರಿ, ಆ ಹೊಗಿ ಕುಡದ್ರ ರಾತ್ರಿ ಚಳಿ ಜ್ವರಾ ಬರತೈತಿ. ಎರಡನೇದ್ದು, ಡೀಸಲ್, ಥಿನ್ನರ್, ಪೆಟ್ರೋಲ್ ಇಟ್ಟಿದ್ದ ಡ್ರಮ್ಮಿಗೆ ಬೆಂಕಿ ಹಚ್ಚಲೇಬ್ಯಾಡ್ರಿ, ಖಾಲಿ ಅದ ಅಂತ ಕಾಣತೈತಿ, ಒಳಗ ಆವಿ ಇದ್ದು ಬಾಂಬ್ ಆಗಿ ಸಿಡೀತೈತಿ, ಜೀವಾ ಹೋಗ್ಯಾವ ಇದರಿಂದ. ಎರಡೂ ಬಾಯಿ ಮುಚ್ಚಿದ ಪೈಪಿಗೂ ಗಾಳಿ ಹೋಗಾಕ ತೂತು ಬಿಟ್ಟ ಬೆಸೀರಿ.

ಟ್ರ್ಯಾಕ್ಟರ್ ಟಾಯರ್, ಎಲ್ಲಾರಿಗೂ ಗೊತ್ತಿದ್ದದ್ದು, ಪಂಕ್ಚರ್ ಅಂಗಡಿಯೊಳಗ ಕೇಳ್ರಿ. ಉರುಳಿಸುವಾಗ ಇನ್ನೊಂದು ಅಂಚು ನೆಲದ ಮ್ಯಾಲ ಇರತೈತಿ, ಹಂಗಾಗಿ ಚಾಲೂ ಮಾಡುವಾಗ ಅರ್ಧಾ ತೂಕ ಅಷ್ಟ ಕೈಗೆ ಬರತೈತಿ, 120 ಕೆಜಿ ಟಾಯರ್ ಅಂದ್ರ 60. ಕೈ ಮಡಚಿ ಎಳದ್ರ ತೋಳಿನ ಸ್ನಾಯು ಹರೀಬಹುದು, ಎದಿ ಟಾಯರಿಗೆ ಒತ್ತಿ, ಕೈ ನೆಟ್ಟಗ ಇಟ್ಟು, ಕಾಲಿನಿಂದ ಮುಂದಕ್ಕ ದೂಡ್ರಿ. ಎಳಿಯೂ ಬಂಡಿಗೂ ಹಳೇ ಕಾರ್ ಟಾಯರ್ ಸಾಕು, ಒಳಗ ಹಲಗಿ ಹಾಕಿ ಚೀಲ ಇಟ್ಟು ಹಗ್ಗಾ ಕಟ್ಟಿ ಜಗ್ಗೂದು. ಮುಧೋಳ ಕಡೆ ಎತ್ತಿನ ತೆರಬಂಡಿ, ಅಂದ್ರ ಎತ್ತು ಭಾರದ ಬಂಡಿ ಜಗ್ಗೂ ಸ್ಪರ್ಧಾ, ನೋಡಿದಾವರಿಗೆ ನಾ ಹೇಳಬೇಕಿಲ್ಲ. ಕೈಯಾಗ ಹಿಡದು ನಡಿಯಾಕ 20 ಲೀಟರ್ ಕ್ಯಾನ್, ನೀರು ತುಂಬಿದ್ರ 20 ಕೆಜಿ, ಒಣಾ ಉಸುಕು ತುಂಬಿದ್ರ 32, ಎರಡೂ ಕಲಸಿದ್ರ ನಡುವಿಂದೂ ಸಿಗತೈತಿ. ಪ್ಲಾಸ್ಟಿಕ್ ಹಿಡಿಕಿ ನಂಬಬ್ಯಾಡ್ರಿ, ಹಗ್ಗಾ ಸುತ್ತಿ ಪೈಪ್ ಹಿಡಿಕಿ ಮಾಡ್ರಿ.

ತೂಕ ಹಾಕೂದು. ವೇಬ್ರಿಜ್ಜಿಗೆ ಹೋಗಬ್ಯಾಡ್ರಿ, ಅದು ಲಾರಿಗೆ ಇದ್ದದ್ದು, ಐದು ಹತ್ತು ಕೆಜಿ ಹೆಜ್ಜಿಯೊಳಗ ತೋರಸತೈತಿ, ನಮಗ ಬೇಕಾದ ಎರಡೂವರಿ ಕೆಜಿ ಅದರ ಕಣ್ಣಿಗೆ ಬೀಳೂದಿಲ್ಲ. ಕಾಳಿನ ಅಂಗಡಿಯ ಪ್ಲಾಟಫಾರ್ಮ್ ಕಾಟಾ ಬೇಕು, ಅಂಗಡಿಯಾವರಿಗೆ ಹೇಳಿ ಗಿರಾಕಿ ಇಲ್ಲದ ಹೊತ್ತು ಹೋಗ್ರಿ, ಗುಂಡು ಕಾಟಾದ ಮ್ಯಾಲ ಒಗೀಬ್ಯಾಡ್ರಿ, ಮೆಲ್ಲಕ ಇಡ್ರಿ. ಲೆಕ್ಕದಾಗ 80 ಬಂದದ್ದು ಕಾಟಾದಾಗ 77ರ 83ರ ಬರಬಹುದು, ಖಡಿ ಉಸುಕು ಮ್ಯಾಲ ಹೋಗತೈತಿ. ಕಾಟಾದಾಗ ಬಂದದ್ದ ಬಣ್ಣದಿಂದ ಬರೀರಿ. ಊರಾಗ 77ರ ಗುಂಡಿಗೆ 100 ಅಂತ ಬರದು ಹೆಮ್ಮಿ ಪಡೂದು ನಾ ನೋಡೀನಿ, ಅದರಿಂದ ನಿಮ್ಮ ಹುಡುಗಗ ಅನ್ಯಾಯ ಆಗತೈತಿ, ಜಾತ್ರಿಯೊಳಗ ಖರೇ ನೂರು ಬಂದಾಗ ಎಲ್ಲಾರ ಮುಂದ ಅಂವ ಕುಗ್ಗತಾನ.

ನೆಲದ ಬಗ್ಗೆ: ಎರಿ ಮಣ್ಣಿನ ಮ್ಯಾಲ ಗುಂಡು ಎತ್ತಬ್ಯಾಡ್ರಿ, ಮಳಿಯಾಗ ಜಾರತೈತಿ, ಬ್ಯಾಸಗಿಯಾಗ ಬಿರುಕಿನೊಳಗ ಪಾದ ಸಿಕ್ಕತೈತಿ. ಮಸಾರಿ ಮಣ್ಣು ಹಾಕಿ, ಗುಂಡು ಬೀಳೂ ಜಾಗಾಕ್ಕ ಒಂದು ಮೊಳ ಉಸುಕು ತುಂಬ್ರಿ, ಗುಂಡೂ ಉಳೀತೈತಿ ಕಾಲೂ ಉಳೀತೈತಿ. ಗುಂಡು ಎತ್ತುವಾಗ ಮೊದಲ ತೊಡಿ ಮ್ಯಾಲ ತಗೊಂಡು ಕುಂದ್ರಸ್ಕೋರಿ, ಉಸಿರು ತಗೋರಿ, ಆಮ್ಯಾಲ ನಡಾ ಸೊಂಟಾ ಎಲ್ಲಾ ಸೇರಿ ಒಮ್ಮೆಲೆ ಎದ್ದು ನಿಲ್ರಿ. ನೆಲದಿಂದ ನೇರ ಎದಿಗೆ ಜಗ್ಗೂದು ಬ್ಯಾಡ.

ಮಾತು ಮುಗದ ಮ್ಯಾಲ ಕೇಳಿದ ಪ್ರಶ್ನೆಯೊಳಗ ಎರಡು ಇಲ್ಲಿ ಬರೀತೀನಿ.

ಒಬ್ರು ಕೇಳಿದ್ರು, ಕಾಂಕ್ರೀಟ್ ಯಾಕ್ರಿ, ನಮ್ಮಲ್ಲಿ ಕಲ್ಲಿಗೆ ಬರ ಐತೇನು ಅಂತ. ಬರ ಇಲ್ಲ. ಇಳಕಲ್ಲಿನ ಕೆಂಪು ಗ್ರ್ಯಾನೈಟ್ ಲೀಟರಿಗೆ 2.6ರಿಂದ 2.7 ಕೆಜಿ, ಭಾಳ ಗಟ್ಟಿ, ಕಲ್ಲುಕುಟಿಗರು ದುಂಡಗ ಕಡದು ಕೊಟ್ರ ಕಾಂಕ್ರೀಟಿಗಿಂತ ಎಷ್ಟೋ ಚೊಲೋ, ನೋಡಾಕೂ ಚೆಂದ, ಆದ್ರ ಅದರ ಹೊಟ್ಟಿಯೊಳಗ ಥರ್ಮಾಕೋಲ್ ಇಡಾಕ ಬರೂದಿಲ್ಲ, ತೂಕ ಸಣ್ಣ ಸಣ್ಣ ಹೆಜ್ಜಿಯೊಳಗ ಏರಸಾಕ ಒಂದೊಂದಕ್ಕ ಒಂದೊಂದು ಅಳತಿ ಕಡೀಬೇಕು, ಖರ್ಚು ಬೀಳತೈತಿ. ಬಾದಾಮಿ ಕಡೆಯ ಮರಳುಗಲ್ಲು ಇದಕ್ಕ ಬರೂದಿಲ್ಲ, ಅದು ಪದರಿನ ಕಲ್ಲು, ಶಿಲ್ಪಕ್ಕ ಅದರಂಥಾದ್ದು ಮತ್ತೊಂದಿಲ್ಲ, ಆದ್ರ ಮ್ಯಾಲಿಂದ ಒಗದ್ರ ಪದರಿಗೆ ಸೀಳತೈತಿ. ತಾಲೀಮಿಗೆ ಕಾಂಕ್ರೀಟ್ ಇರಲಿ, ಸ್ಪರ್ಧಾಕ್ಕ ಒಂದು ಗ್ರ್ಯಾನೈಟ್ ಗುಂಡು ಊರಾವ್ರು ಸೇರಿ ಮಾಡಸ್ರಿ.

ಹಿಂದ ಕುಂತಿದ್ದ ಹೆಣ್ಣ ಹುಡುಗಿ ಒಬ್ಬಾಕಿ, ಕುಸ್ತಿ ಆಡಾಕಿ, ಕೇಳಿದ್ಲು, ನಾವು ಎಲ್ಲಿಂದ ಚಾಲೂ ಮಾಡೂದ್ರಿ ಅಂತ. ಚೀಲ 20 ಕೆಜಿಯಿಂದ, ಗುಂಡು 30 ಸೆಂಟಿಮೀಟರ್ ಅಚ್ಚಿನದು, ಅದು ಪೂರಾ ತುಂಬಿದ್ರ 34, ಹೊಟ್ಟಿಯೊಳಗ 15 ಸೆಂಟಿಮೀಟರ್ ಥರ್ಮಾಕೋಲ್ ಚೆಂಡು ಇಟ್ಟರ 30ರ ಹತ್ರ ಬರತೈತಿ. ಆದ್ರ ತೂಕಕ್ಕಿಂತ ಮೊದಲ ಹಿಡಿಕಿ ನೋಡ್ಕೋರಿ. ಗಂಡ ಹುಡುಗರಿಗೆ ಅಂತ ಮಾಡಿದ ಒಂದೂವರಿ ಇಂಚಿನ ಪೈಪು ಸಣ್ಣ ಕೈಗೆ ಸುತ್ತ ಬರೂದಿಲ್ಲ, ಬೆರಳು ಬಿಚ್ಚಕೋತಾವ, ಆಗ ಕಾಲು ನಡಾ ಎಷ್ಟ ಗಟ್ಟಿ ಇದ್ರೂ ಭಾರ ಏಳೂದಿಲ್ಲ, ಆಕಿಗೆ ಶಕ್ತಿ ಇಲ್ಲ ಅಂತ ನೋಡಾವ್ರು ಅಂತಾರ. ಒಂದು ಇಂಚಿನ ಪೈಪು ಹೊರಗ 33.7 ಮಿಲಿಮೀಟರ್, ಒಂದೂಕಾಲು ಇಂಚಿನದು 42.4. ಒಂದು ಇಂಚಿನದರಿಂದ ಹಿಡಿಕಿ ಮಾಡಿಸ್ಕೋರಿ, ಕೆಲವು ತಿಂಗಳ ಮ್ಯಾಲ ಒಂದೂಕಾಲಿಗೆ ಹೋಗ್ರಿ, ಒಂದೂವರಿದು ಆಮ್ಯಾಲ ಬರತೈತಿ. ಮೂರೂ ಪೈಪಿನ ತುಂಡು ಸೇರಿಸಿ ಮಾಡಾಕ ವೆಲ್ಡಿಂಗ್ ಅಂಗಡಿಯೊಳಗ ಒಂದು ಮಧ್ಯಾಹ್ನದ ಕೆಲಸಾ.